ಡಾಂಬರು ಮೆತ್ತಿದ ಮೌನ

ನಮ್ಮಲ್ಲಿ ಕಂಪ್ಯೂಟರಿನ ಪೆಟ್ಟಿಗೆಗೆ ನೆಟ್ಟಗೊಂದು ಹೆಸರೂ ಇಲ್ಲ. ಅಂಗಡಿಯವರು ಕ್ಯಾಬಿನೆಟ್ ಅಂತಾರೆ, ಮನೆಯವರು ಒಟ್ಟಾರೆ ಸಿಪಿಯು ಅಂದು ಮುಗಿಸುತ್ತಾರೆ. ಕಂಪ್ಯೂಟರ್ ಜೋಡಿಸುವಾಗ ಎಲ್ಲ ಕೊಂಡು ಮಿಕ್ಕ ದುಡ್ಡಿನಲ್ಲಿ ಬರುವ ವಸ್ತು ಅದು. ಹಾಗಾಗಿ, ಗೆಳೆಯನೊಬ್ಬ ಹೊಸದು ಕೊಂಡು ತನ್ನ ಹಳೆಯ ಫ್ರಾಕ್ಟಲ್ ಡಿಸೈನ್ ಡಿಫೈನ್ ಆರ್5 ಅನ್ನು ನನಗೆ ದಾಟಿಸಿದಾಗ ಮೊದಲು ಬೆರಗಾದದ್ದು ನನ್ನ ಸೊಂಟ. ಖಾಲಿ ಪೆಟ್ಟಿಗೆಯೇ ಸುಮಾರು 11 ಕಿಲೋ.

ಸ್ವೀಡನ್ನಿನ ಕಂಪನಿ 2014ರಲ್ಲಿ ತಂದ ಮಾದರಿ ಇದು. ತೂಕದ ಗುಟ್ಟು ಪಕ್ಕದ ತಗಡುಗಳಲ್ಲಿದೆ. ಅವುಗಳ ಒಳಮೈಗೆ ಬಿಟುಮೆನ್ ಹಾಳೆ ಅಂಟಿಸಿದ್ದಾರೆ. ರಸ್ತೆಗೆ ಹಾಕುವ ಡಾಂಬರಿನ ಜಾತಿಯದೇ. ಗೆಣ್ಣಿನಿಂದ ತಟ್ಟಿ ನೋಡಿದೆ. ಮಾಮೂಲಿ ಕ್ಯಾಬಿನೆಟ್ ಖಾಲಿ ಎಣ್ಣೆಡಬ್ಬಿಯ ಹಾಗೆ ಠಣ್ ಅನ್ನುತ್ತದೆ, ಇದು ತುಂಬಿದ ಅಕ್ಕಿಡಬ್ಬಿಯ ಹಾಗೆ ದಬ್ ಅಂದು ಸುಮ್ಮನಾಯಿತು. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಅಂದರೆ ಸೆಕೆಂಡಿಗೆ 120 ಸುತ್ತು. ಆ ನಡುಕ ತೆಳು ತಗಡಿಗೆ ದಾಟಿದರೆ ಇಡೀ ಪೆಟ್ಟಿಗೆ ತಂಬೂರಿಯಾಗಿ ಶ್ರುತಿ ಹಿಡಿದು ಕೂರುತ್ತದೆ. ಡಾಂಬರಿನ ಭಾರ ಅದಕ್ಕೆ ಆಸ್ಪದ ಕೊಡುವುದಿಲ್ಲ.

ಫ್ಯಾನ್‌ಗಳ ಲೆಕ್ಕವೂ ಜಾಣತನದ್ದೇ. ಜೊತೆಗೇ ಬರುವ ಎರಡೂ 140 ಮಿಲಿಮೀಟರಿನವು. ಅಗಲ ಹೆಚ್ಚಾದಷ್ಟೂ ನಿಧಾನವಾಗಿ ತಿರುಗಿಯೇ ಬೇಕಾದ ಗಾಳಿ ತಳ್ಳಬಹುದು. ವೇಗ ಅರ್ಧಕ್ಕಿಳಿದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ವೇಗ ಇಳಿಸಲು ಪೆಟ್ಟಿಗೆಯ ಮುಂಬಾಗಿಲ ಹಿಂದೆ 5, 7, 12 ವೋಲ್ಟಿನ ಮೂರು ಹಂತದ ಸ್ವಿಚ್ ಇದೆ.

ನನ್ನ ತಕರಾರು ಆ ಬಾಗಿಲ ಮೇಲೇ. ಒಳಗಿನ ಸದ್ದು ನೇರ ಕಿವಿಗೆ ಬೀಳದಂತೆ ಅದು ತಡೆಯುತ್ತದೆ, ನಿಜ. ಆದರೆ ಗಾಳಿಯೂ ಅದರ ಅಂಚಿನ ಸಂದುಗಳಲ್ಲೇ ನುಸುಳಿ ಬರಬೇಕು. ಸ್ವೀಡನ್ನಿನ ಚಳಿಯ ಕೋಣೆಗೆ ಇದು ಸರಿ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಒಳಗೆ ಹೋಗುವ ಗಾಳಿಯೇ ಬಿಸಿ. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ತನ್ನ ಜೀವ ಉಳಿಸಿಕೊಳ್ಳಲು ಓಡತೊಡಗುತ್ತದೆ, ಆ ಸದ್ದನ್ನು ಮುಚ್ಚಲು ಬಾಗಿಲು ಹಾಕಿದರೆ ಅದು ಇನ್ನೂ ಜೋರಾಗಿ ಓಡುತ್ತದೆ. ಇದೇ ಕಂಪನಿ 2017ರಲ್ಲಿ ಮುಂಭಾಗಕ್ಕೆ ಜಾಲರಿ ಹಾಕಿ ಮೆಶಿಫೈ ಸಿ ತಂದಿತು. ಗಾಳಿ ಸರಾಗವಾಗಿ ಬಂದರೆ ಫ್ಯಾನ್ ಕಿರುಚುವ ಪ್ರಮೇಯವೇ ಕಡಿಮೆ. ನಮ್ಮ ಬೇಸಿಗೆಗೆ ಆ ಜಾಲರಿಯೇ ಹೆಚ್ಚು ಮೌನಿ ಎಂದು ನನ್ನ ಅನುಮಾನ.

ಅಷ್ಟಕ್ಕೂ ನೆತ್ತಿಯ ಮೇಲೆ ಸೀಲಿಂಗ್ ಫ್ಯಾನ್ ಗರಗರ ಅನ್ನುವಾಗ ಈ ಮೌನವನ್ನು ಕೇಳುವವರು ಯಾರು? ಮೊನ್ನೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಲೇ ಇತ್ತು. ಈಗ ಪರೀಕ್ಷೆ ಅಂತ ಕಿವಿಗೊಟ್ಟೆ. ಯುಪಿಎಸ್ ಕುಂಯ್ ಕುಂಯ್ ಅಂತ ಬಡಿದುಕೊಳ್ಳಲು ಶುರುಮಾಡಿತು.

ಮನಸ್ಸು ಗೆದ್ದದ್ದು ಬೇರೆಯದೇ ಒಂದು ಸಣ್ಣ ಸಂಗತಿ. ತಳದ ಫಿಲ್ಟರನ್ನು ಪೆಟ್ಟಿಗೆ ಎತ್ತದೆ, ಗೋಡೆಯಿಂದ ಸರಿಸದೆ, ಮುಂದಿನಿಂದಲೇ ಡ್ರಾಯರಿನಂತೆ ಎಳೆಯಬಹುದು. ಒಂದು ವಾರಕ್ಕೆ ಎಳೆದು ನೋಡಿದರೆ ಎದುರಿನ ರಸ್ತೆಯ ಕೆಂಧೂಳು ತೆಳ್ಳಗೆ ಕೂತಿತ್ತು. ಬಚ್ಚಲಿಗೆ ಒಯ್ದು ನಲ್ಲಿ ಕೆಳಗೆ ಹಿಡಿದೆ.