ಪಶ್ಚಾತ್ತಾಪವೂ ಕಾವ್ಯವಿಮರ್ಶೆಯೂ

ಕವಿಯ ಪಶ್ಚಾತ್ತಾಪವು ಅವನ ಕಾವ್ಯದ ಕಳಂಕವನ್ನು ತೊಳೆಯಬಲ್ಲುದೇ? ಅಮೆರಿಕದ ಕವಿ ಎಜ್ರಾ ಪೌಂಡನ (1885–1972) ವಿಷಯದಲ್ಲಿ ಈ ಪ್ರಶ್ನೆ ತೀವ್ರವಾಗಿ ಏಳುತ್ತದೆ. ಎರಡನೆಯ ಮಹಾಯುದ್ಧಕಾಲದಲ್ಲಿ ಅವನು ರೋಮ್ ಬಾನುಲಿಯಿಂದ ಯಹೂದ್ಯರ ಮೇಲೆ ವಿಷ ಕಾರಿದನು. 1945ರಲ್ಲಿ ಪೀಸಾ ನಗರದ ಬಳಿ ಅಮೆರಿಕದ ಸೈನ್ಯದ ಸೆರೆಯಲ್ಲಿದ್ದು ‘ಪೀಸಾದ ಕ್ಯಾಂಟೋ’ಗಳನ್ನು ರಚಿಸಿದನು. ಅದಕ್ಕೆ 1949ರಲ್ಲಿ ಬೋಲಿಂಗೆನ್ ಪ್ರಶಸ್ತಿ ಸಂದಾಗ, ತೀರ್ಪುಗಾರರಲ್ಲೊಬ್ಬನಾದ ಯಹೂದಿ ಕವಿ ಕಾರ್ಲ್ ಶಪಿರೋ ವಿರುದ್ಧವಾಗಿ ಮತವಿತ್ತನು. 1967ರಲ್ಲಿ ವೃದ್ಧ ಪೌಂಡನು ವೆನಿಸ್ಸಿನಲ್ಲಿ, ಯಹೂದಿ ಮನೆತನದ ಕವಿ ಅಲೆನ್ ಗಿನ್ಸ್‌ಬರ್ಗನೆದುರು, ಆ ಪೂರ್ವಗ್ರಹವೇ ತನ್ನ ಅತಿ ಕೆಟ್ಟ ತಪ್ಪೆಂದು ಒಪ್ಪಿಕೊಂಡನು.

ಈ ತಪ್ಪೊಪ್ಪಿಗೆ ಕವಿಯ ನಡೆಗೆ ಸೇರಿದ್ದು; ಅಚ್ಚಾದ ನುಡಿ ಅದರಿಂದ ಮಾರ್ಪಡದು. ಒಂದೇ ಕೃತಿಯಲ್ಲಿ ಅಹಂಕಾರವನ್ನು ಹಳಿಯುವ ಉದಾತ್ತ ಭಾಗವುಂಟು. ಮುಸೊಲಿನಿಗಾಗಿ ಮರುಗುವ ಆರಂಭವುಂಟು. ಯಹೂದಿದ್ವೇಷದ ಸಾಲುಗಳೂ ಉಂಟು. ಸೆರೆಯ ಶಿಬಿರದಲ್ಲಿ ಗೂಡು ಕಟ್ಟುವ ಕಣಜದ ಹುಳುವನ್ನು ಅಷ್ಟು ಅಕ್ಕರೆಯಿಂದ ಕಂಡ ಕಣ್ಣು, ದ್ವೇಷ ಮುಸುಕಿದಲ್ಲಿ ಮನುಷ್ಯನನ್ನೇ ಕಾಣದು. ಆದುದರಿಂದ ಪೂರ್ವಗ್ರಹವು ನೀತಿದೋಷವಾಗಿರುವಂತೆ ಕಾವ್ಯದೋಷವೂ ಆಗಿದೆ.

ದ್ವೇಷದ ನೆಪದಿಂದ ಇಡೀ ಕಾವ್ಯವನ್ನು ತೊರೆಯುವುದೂ, ಪಶ್ಚಾತ್ತಾಪದ ನೆಪದಿಂದ ಕಳಂಕವನ್ನು ಮರೆಸುವುದೂ ವಿಮರ್ಶೆಯಲ್ಲ. ಕ್ಷಮಿಸುವ ಅಧಿಕಾರ ನೊಂದವರದು. ಸಾಲುಸಾಲನ್ನೂ ಒರೆಗೆ ಹಚ್ಚುವ ಹೊಣೆ ಓದುಗನದು.