ಬಿಳಿಯ ಹಾಳೆಯ ಮೇಲೆ ನಿಂತವರು

ಮೊಗಲ ದರಬಾರಿನ ಆಶ್ರಯವು ಶಿಥಿಲವಾಗಿ, ಮುರ್ಶಿದಾಬಾದಿನ ನವಾಬರ ವೈಭವವೂ ಇಳಿಮುಖವಾದ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಅನ್ನವನ್ನರಸಿ ಪಾಟ್ನಾಕ್ಕೆ ಬಂದು ನೆಲಸಿದ ಚಿತ್ರಕಾರರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಅಭಿರುಚಿಗೆ ತಮ್ಮ ಕುಂಚವನ್ನು ಒಗ್ಗಿಸಿಕೊಂಡರು. ಅಲ್ಲಿಯೂ ದೇಶದ ಇತರ ಪಟ್ಟಣಗಳಲ್ಲಿಯೂ ಹೀಗೆ ಬೆಳೆದ ರೀತಿಯನ್ನು ವಿದ್ವಾಂಸರು ಕಂಪನಿ ಶೈಲಿಯೆಂದು ಕರೆದಿರುವರು. ಕೊಳ್ಳುವವನ ಹೆಸರನ್ನು ಹೊತ್ತು, ಬರೆದವನ ಹೆಸರನ್ನು ಬಹುಮಟ್ಟಿಗೆ ಕಳೆದುಕೊಂಡ ಕಲೆಗೆ ಇದು ಅನ್ವರ್ಥನಾಮವೇ ಸರಿ.

ಸ್ವದೇಶಕ್ಕೆ ಮರಳುವ ಅಧಿಕಾರಿಯ ಪೆಟ್ಟಿಗೆಗೆ ಬೇಕಾದುದು ಕಮ್ಮಾರ, ಅಗಸ, ಬಳೆಗಾರ ಮೊದಲಾದವರ ಚಿತ್ರಮಾಲಿಕೆ. ತಂಜಾವೂರಿನಲ್ಲಾದರೆ ಜಾತಿಗೊಂದು ದಂಪತಿ. ಕಸುಬಿನ ಸಲಕರಣೆಗಳನ್ನು ಬಿಡಿಸುವಾಗ ಈ ಕುಂಚಕ್ಕಿರುವ ಶ್ರದ್ಧೆ ಅಸಾಧಾರಣವಾದುದು: ಕಮ್ಮಾರನ ತಿದಿಯನ್ನು ಕಂಡರೆ ಈಗಲೇ ಉಸಿರೆಳೆದೀತೆನ್ನಿಸುವುದು. ಆದರೆ ಆ ಕಮ್ಮಾರನಿಗೆ ಬೀದಿಯಿಲ್ಲ, ಗಿರಾಕಿಯಿಲ್ಲ, ನೆರೆಹೊರೆಯಿಲ್ಲ. ಹಾಳೆಯ ಬಿಳುಪಿನಲ್ಲಿ ಅವನು ಒಂಟಿಯಾಗಿ ನಿಂತಿರುವನು. ಕಾಗೆಬಂಗಾರದ ತೆಳು ಹಾಳೆಗಳ ಮೇಲೆ ಬರೆದ ಕೆಲವು ಮಾಲಿಕೆಗಳಲ್ಲಂತೂ ಅಡಿಯ ಮುಖ ಒಂದೇ. ಅದರ ಮೇಲೆ ಒಂದೊಂದೇ ಉಡುಪನ್ನು ಹೊದಿಸುತ್ತ ಹೋದಂತೆಲ್ಲ ಮನುಷ್ಯನು ಬೇರೆಯಾಗುವನು! ಆಟಿಕೆಯೇ ಹೌದು, ಆದರೆ ಈ ಶೈಲಿಯ ದೌರ್ಬಲ್ಯವನ್ನು ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ಅದೇ ಬಯಲುಮಾಡಿರುವುದು.

ಈ ಮಾತನ್ನು ಉತ್ಸವಚಿತ್ರಗಳಿಗೆ ಅನ್ವಯಿಸಲಾಗದು. ಪಾಟ್ನಾದ ಸೇವಕರಾಮನು ಮೊಹರಂ ಮೆರವಣಿಗೆಯನ್ನು ಬರೆದಾಗ, ಮಾಲಿಕೆಗಳಲ್ಲಿ ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದ ಜನರೇ ತಾಜಿಯಾದ ಸುತ್ತ ಒಟ್ಟುಗೂಡಿ ಮತ್ತೆ ಊರಾಗಿಬಿಡುವರು. ಆಚರಣೆಯ ಚಿತ್ರಗಳನ್ನು ಬರಿಯ ಆಡಂಬರವೆಂದೂ ದಿನಬಳಕೆಯ ಚಿತ್ರಗಳನ್ನೇ ಸತ್ಯವೆಂದೂ ಎಣಿಸುವವರು ಇವೆರಡನ್ನೂ ಒತ್ತಟ್ಟಿಗಿಟ್ಟು ನೋಡಬೇಕು; ನನ್ನ ಮಟ್ಟಿಗೆ ನಿಜವಾದ ನಿತ್ಯಜೀವನವಿರುವುದು ಮೆರವಣಿಗೆಯ ಗುಂಪಿನಲ್ಲಿಯೇ.

ದೆಹಲಿಯ ಪ್ರಾಂತದಲ್ಲಿ 1815ರಿಂದ 1819ರವರೆಗೆ ಫ್ರೇಜರ್ ಸಹೋದರರು ಬರೆಯಿಸಿದ ಚಿತ್ರಗಳು ಇನ್ನೊಂದು ಅಪವಾದ. ಅಲ್ಲಿಯೂ ಹಿನ್ನೆಲೆ ಹೆಚ್ಚಾಗಿ ಬರಿದೇ. ಆದರೂ ಹಳ್ಳಿಗರೂ ಸಿಪಾಯಿಗಳೂ ಮಾದರಿಗಳಾಗಿ ಉಳಿಯದೆ, ತಮ್ಮತಮ್ಮ ಹೆಸರು ಬರೆಯಿಸಿಕೊಂಡ ವ್ಯಕ್ತಿಗಳಾಗಿ, ನೋಡುವವನನ್ನೇ ಅಳೆಯುವ ಕಣ್ಣುಗಳಿಂದ ದಿಟ್ಟಿಸುವರು. ಪೋಷಕನು ವಿದೇಶೀಯನಾದುದರಿಂದಲೇ ಕಲೆ ಕೆಟ್ಟಿತೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಅವನು ಕೇಳಿದುದು ಜಾತಿಯನ್ನೋ ಮನುಷ್ಯನನ್ನೋ ಎಂಬುದೇ ಇಲ್ಲಿಯ ಪ್ರಶ್ನೆ.

ಕ್ಯಾಮರಾ ಬಂದಮೇಲೆ ಕುಂಚಕ್ಕೆ ಗಿರಾಕಿ ಕಡಮೆಯಾಯಿತು, ದೃಷ್ಟಿ ಬದಲಾಗಲಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ' ಆ ಹಳೆಯ ಮಾಲಿಕೆಯನ್ನೇ ಛಾಯಾಚಿತ್ರಗಳಲ್ಲಿ ಮುಂದುವರಿಸಿತು, ಈ ಸಲ ಸರಕಾರದ ಮುದ್ರೆಯೊಡನೆ.

ಇದಕ್ಕೂ ಮುಂಚೆಯೇ ಪಾಟ್ನಾದ ಶಿವಲಾಲನು ಗುಲ್ಜಾರ್‌ಬಾಗಿನ ಅಫೀಮು ಕಾರಖಾನೆಯ ಗೋಡೆಗಳಿಗೆಂದು ಚಿತ್ರಗಳನ್ನು ಅಣಿಮಾಡುತ್ತಿದ್ದನು. ಕಾಗೆಬಂಗಾರದ ಮೇಲೆ ಬರೆದ ಆ ಕರಡುಗಳಲ್ಲಿ ಅಫೀಮನ್ನು ಉಂಡೆಕಟ್ಟಿ ಸಾಗಿಸುವ ಕೆಲಸಗಾರರು ಒಬ್ಬರ ಪಕ್ಕದಲ್ಲೊಬ್ಬರಾಗಿ, ಒಂದೇ ದುಡಿಮೆಯಲ್ಲಿ ತೊಡಗಿರುವರು. ಅವನ್ನು ಬರೆಯಿಸುತ್ತಿದ್ದ ಲಯಲ್ ಎಂಬ ಅಧಿಕಾರಿ 1857ರ ದಂಗೆಯಲ್ಲಿ ಹತನಾದನು, ಚಿತ್ರಗಳು ಗೋಡೆಯನ್ನೇರಲಿಲ್ಲ.