ಮರಳಿ ಬಂದವನ ಸ್ಥಾನ

ಕಾಲ್ಚೆಂಡಿನ ತಂಡವೊಂದರಲ್ಲಿ ಗಾಯಗೊಂಡು ಹೊರಗುಳಿದಿದ್ದ ಹೆಸರುವಾಸಿಯಾದ ಆಟಗಾರನು ಗುಣಹೊಂದಿ ಮರಳಿ ಬರುವ ವಾರವು ಅಭಿಮಾನಿಗಳ ಪಾಲಿಗೆ ಹಬ್ಬದ ವಾರವಾಗುವುದು ಸಹಜವೇ ಆದರೂ, ಪಂದ್ಯಕ್ಕೆ ಮುನ್ನ ಹನ್ನೊಂದು ಹೆಸರುಗಳನ್ನು ಬರೆದು ಕೊಡಬೇಕಾದ ತರಬೇತುದಾರನಿಗೆ ಅಂಥ ವಾರದಷ್ಟು ಕಠಿನವಾದುದು ಇಡಿಯ ಋತುವಿನಲ್ಲಿ ಇನ್ನೊಂದಿರಲಾರದು. ಆಟಗಾರನು ಇಲ್ಲದಿರುವಾಗ ನಿರ್ಣಯವು ಒಂದು ಬಗೆಯಲ್ಲಿ ತಾನಾಗಿಯೇ ಆಗಿಬಿಟ್ಟಿರುತ್ತದೆ. ಇದ್ದವರಲ್ಲಿಯೇ ನಿಭಾಯಿಸಬೇಕೆಂಬುದು ಎಲ್ಲರಿಗೂ ಗೊತ್ತು, ಸೋತರೆ ಹೇಳಿಕೊಳ್ಳಲು ಕಾರಣವೂ ಉಂಟು. ಆತನು ಮರಳಿದ ದಿನ ಆ ಆಸರೆ ತಪ್ಪಿಹೋಗುತ್ತದೆ. ಆತನ ಸಲುವಾಗಿ ಯಾರನ್ನು ಕೂಡ್ರಿಸಬೇಕು, ಮೊದಲ ನಿಮಿಷದಿಂದಲೇ ಇಳಿಸಬೇಕೋ ಕಡೆಯ ಅರ್ಧ ತಾಸಿಗೆ ಕಾಯ್ದಿರಿಸಬೇಕೋ, ಇಷ್ಟು ದಿನ ಹೊಂದಿ ಬಂದ ವ್ಯೂಹವನ್ನು ಆತನೊಬ್ಬನಿಗಾಗಿ ಮುರಿಯುವುದು ಉಚಿತವೋ ಅಲ್ಲವೋ ಎಂಬ ಪ್ರಶ್ನೆಗಳೆಲ್ಲ ಒಮ್ಮೆಲೆ ಎದ್ದು ನಿಲ್ಲುತ್ತವೆ.

ಬಹಳ ವರ್ಷಗಳಿಂದ ಈ ಆಟವನ್ನು ನೋಡುತ್ತ, ಅದರ ಬಗೆಗೆ ಬರೆಯುತ್ತ ಬಂದ ನನಗೆ ಇಷ್ಟು ಮಾತ್ರ ದೃಢವಾಗಿದೆ: ಮರಳಿ ಬಂದವನಿಗೆ ಆತನು ಬಿಟ್ಟುಹೋದ ಸ್ಥಾನವನ್ನೇ ತೆಗೆದಿರಿಸಿ ಕೊಡುವುದು ತಪ್ಪು, ಆತನಿಲ್ಲದ ಕಾಲದಲ್ಲಿ ತಂಡವು ಯಾವ ರೂಪವನ್ನು ತಾಳಿತೋ ಆ ರೂಪದೊಳಗೆ ಆತನಿಗೆ ಸಲ್ಲುವ ಎಡೆಯನ್ನು ಹುಡುಕಬೇಕು. ನಮ್ಮ ಕುಂದಗೋಳ ಸೀಮೆಯ ಒಕ್ಕಲಿಗನಿಗೆ ಇದನ್ನು ವಿವರಿಸಿ ಹೇಳುವ ಅವಶ್ಯಕತೆಯಿಲ್ಲ. ಜೋಡೆತ್ತಿನಲ್ಲಿ ಒಂದು ಕುಂಟುಬಿದ್ದು, ಎರವಲು ತಂದ ಎತ್ತಿನೊಡನೆ ಇನ್ನೊಂದು ಎತ್ತು ಎರಡು ತಿಂಗಳು ನೊಗ ಹೊತ್ತ ಮೇಲೆ, ಹಳೆಯ ಜೊತೆಗಾರ ವಾಸಿಯಾಗಿ ಬಂದನೆಂದು ಆ ದಿನವೇ ಇಬ್ಬರನ್ನೂ ಕಟ್ಟಿ ಎರೆಹೊಲದಲ್ಲಿ ಕೂರಿಗೆ ಹೂಡುವ ರೈತನು ಗುಡಗೇರಿಯಲ್ಲಿ ಯಾವನೂ ಇರಲಾರನು. ಇಬ್ಬರ ಹೆಜ್ಜೆಯೂ ಬದಲಾಗಿರುತ್ತದೆಂಬುದು ಆತನಿಗೆ ತಿಳಿದಿದೆ.

ಕರ್ನಾಟಕದ ಕಾಲ್ಚೆಂಡಿನ ಇತ್ತೀಚಿನ ಚರಿತ್ರೆಯಲ್ಲಿ ಈ ವಿಚಾರಕ್ಕೆ ಬೆಂಗಳೂರು ಎಫ್‌ಸಿಯ 2018–19ರ ಋತುವಿಗಿಂತ ಉತ್ತಮವಾದ ನಿದರ್ಶನವು ನನಗೆ ಕಾಣದು. ಅದಕ್ಕೆ ಹಿಂದಿನ ವರ್ಷ, ಅಂದರೆ ಇಂಡಿಯನ್ ಸೂಪರ್ ಲೀಗಿಗೆ ಕಾಲಿಟ್ಟ ಮೊದಲ ವರ್ಷದಲ್ಲಿಯೇ, ಆ ತಂಡವು ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತು, 2018ರ ಮಾರ್ಚ್ 17ರಂದು ತನ್ನದೇ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡಕ್ಕೆ 3–2ರಿಂದ ಫೈನಲ್ ಸೋತಿತ್ತು. ವೆನೆಜುವೆಲಾ ದೇಶದ ನಿಕೊಲಾಸ್ ಫೆಡೋರ್, ಎಲ್ಲರ ಬಾಯಲ್ಲಿ ಮಿಕು, ಮುಂಚೂಣಿಯ ಮಧ್ಯದಲ್ಲಿ. ನಾಯಕ ಸುನಿಲ್ ಛೇಟ್ರಿ ಎಡಬದಿಯಿಂದ ಒಳನುಗ್ಗುವವ. ಬಲಬದಿಯಲ್ಲಿ ಮಣಿಪುರದ ಉದಾಂತ ಸಿಂಗನ ವೇಗ: ಈ ತ್ರಿಕೂಟದ ಮೇಲೆಯೇ ಗೋಲುಗಳ ಭಾರವೆಲ್ಲ ನಿಂತಿತ್ತು. ಆಲ್ಬರ್ಟ್ ರೋಕಾ ತೆರಳಿದ ಮೇಲೆ ಆತನ ಸಹಾಯಕನಾಗಿದ್ದ ಕಾರ್ಲೆಸ್ ಕ್ವಾದ್ರಾತ್ ತರಬೇತಿನ ಹೊಣೆ ಹೊತ್ತನು. ಹೊಸ ಋತುವಿನ ಮೊದಲ ಪಂದ್ಯದಲ್ಲಿ ಅದೇ ಚೆನ್ನೈಯಿನ್ ತಂಡವನ್ನು ಮಿಕುವಿನ ಒಂದೇ ಗೋಲಿನಿಂದ ಬೆಂಗಳೂರು ಸೋಲಿಸಿದಾಗ ಎಲ್ಲವೂ ಹಿಂದಿನ ವರ್ಷದ ಮುಂದುವರಿಕೆಯಂತೆಯೇ ತೋರಿತು.

ಆದರೆ 2018ರ ಕೊನೆಯ ಭಾಗದಲ್ಲಿ ಮಿಕು ಗಾಯಗೊಂಡು ಹೊರಬಿದ್ದನು. ಸ್ಪೇನಿನ ಮೇಲ್ತರಗತಿಯ ಲೀಗಿನಲ್ಲಿ ಆಡಿ ಪಳಗಿದ ಸ್ಟ್ರೈಕರನೊಬ್ಬನು ಇಲ್ಲವಾದರೆ ತಂಡಕ್ಕೆ ಆಗುವ ನಷ್ಟವು ಆತನು ಹೊಡೆಯಬಹುದಾಗಿದ್ದ ಗೋಲುಗಳಷ್ಟರಲ್ಲಿಯೇ ಮುಗಿಯುವುದಿಲ್ಲ. ಗೋಲಿಗೆ ಬೆನ್ನುಮಾಡಿ ನಿಂತು, ಬೆನ್ನ ಮೇಲೆ ಏರಿ ಬರುವ ಡಿಫೆಂಡರನ ಭಾರವನ್ನು ತಾಳಿಕೊಂಡು, ಹಿಂದಿನಿಂದ ಬಂದ ಎತ್ತರದ ಚೆಂಡನ್ನು ಎದೆಯಲ್ಲಿಯೋ ಪಾದದಲ್ಲಿಯೋ ಹಿಡಿದು, ಬದಿಯಲ್ಲಿ ಓಡಿಬರುವವನಿಗೆ ಒಪ್ಪಿಸುವ ಆ ಒಂದು ಕಾರ್ಯವು ನಿಂತುಹೋದೊಡನೆ, ಬದಿಯಲ್ಲಿ ಓಡುವವನ ಓಟಕ್ಕೂ ಅರ್ಥವಿಲ್ಲದೆ ಹೋಗುತ್ತದೆ. ಕ್ವಾದ್ರಾತನ ಮುಂದೆ ಇದ್ದ ದಾರಿಗಳು ಕೆಲವೇ: ಛೇಟ್ರಿಯನ್ನು ಎಡದಿಂದ ನಡುವಿಗೆ ತರುವುದು, ಇಲ್ಲವೆ ಭೂತಾನದ ಚೆಂಚೊ ಗ್ಯೆಲ್ತ್ಶೆನನನ್ನು ಬಳಸುವುದು, ಇಲ್ಲವೆ ಮುಂಚೂಣಿಯ ಮೇಲಿನ ಅವಲಂಬನೆಯನ್ನೇ ಕಡಿಮೆಮಾಡಿ ಹಿಂದಿನ ಸಾಲನ್ನು ಬಿಗಿಗೊಳಿಸಿ, ಕಾರ್ನರ್ ಮತ್ತು ಫ್ರೀಕಿಕ್‌ಗಳಿಂದ ಗೋಲನ್ನು ಅರಸುವುದು. ಆತನು ಮೂರನ್ನೂ ಬಲ್ಲವನಾಗಿದ್ದನೆಂಬುದು ಫಲಿತಾಂಶಗಳಿಂದ ಕಾಣಬರುತ್ತದೆ. ಮೊದಲ ಹನ್ನೊಂದು ಪಂದ್ಯಗಳಲ್ಲಿ ತಂಡವು ಒಂದನ್ನೂ ಸೋಲದೆ 27 ಅಂಕಗಳನ್ನು ಕೂಡಿಸಿತು. ಗೋಲುಗಳ ಅಂತರವು ಕಿರಿದಾಗಿತ್ತು, ಆಟದಲ್ಲಿ ಮೊದಲಿನ ಸೊಗಸು ಇರಲಿಲ್ಲ; ಆದರೆ ಮಿಡ್‌ಫೀಲ್ಡಿನಲ್ಲಿ ಡಿಮಾಸ್ ಡೆಲ್ಗಾಡೊ ಪಂದ್ಯದ ಗತಿಯನ್ನು ತನಗೆ ಬೇಕಾದ ಹಾಗೆ ನಿಧಾನಗೊಳಿಸುವುದನ್ನೂ, ನಿಂತ ಚೆಂಡಿನಿಂದ ಎದುರಾಳಿಯ ಗೋಲಿನ ಮುಂದೆ ಗಲಿಬಿಲಿ ಎಬ್ಬಿಸುವುದನ್ನೂ ಆ ವಾರಗಳಲ್ಲಿ ಇಡಿಯ ತಂಡವು ಅರಗಿಸಿಕೊಂಡಿತು.

ಋತುವಿನ ನಡುವಿನ ವಿರಾಮದ ನಂತರದ ಏಳು ಪಂದ್ಯಗಳ ಕಥೆ ಬೇರೆ. ಮುಂಬಯಿ, ಚೆನ್ನೈ, ದಿಲ್ಲಿ, ಜಮ್‌ಶೆಡ್‌ಪುರ ಹೀಗೆ ನಾಲ್ಕು ಸೋಲುಗಳು; ಕೇರಳದ ಎದುರು ಎರಡು ಗೋಲು ಹಿಂದೆ ಬಿದ್ದು ಹೇಗೋ ಸಮಗೈದ ಒಂದು ಪಂದ್ಯ; ಎರಡೇ ಗೆಲುವು. ಇದೇ ಅವಧಿಯಲ್ಲಿಯೇ ಮಿಕು ಮರಳಿ ಬಂದನು ಎಂಬುದನ್ನು ಗಮನಿಸಿದವರು, ಆತನ ಪುನರಾಗಮನವೇ ತಂಡದ ಹೊಂದಿಕೆಯನ್ನು ಕೆಡಿಸಿತೆಂದು ಆಗ ಆಡಿಕೊಂಡದ್ದುಂಟು. ಆ ಮಾತನ್ನು ನಾನು ಒಪ್ಪಲಾರೆ. ಮುಂಬಯಿಯ ಎದುರಿನ ಸೋಲು ಆತನಿಲ್ಲದಿದ್ದಾಗಲೇ ಒದಗಿತ್ತು. ಐದು ಗೋಲು ಬಿಟ್ಟುಕೊಟ್ಟ ಜಮ್‌ಶೆಡ್‌ಪುರದ ಪಂದ್ಯದಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡಲಾಗಿತ್ತು. ಇದಕ್ಕೆ ಪ್ರತಿಯಾಗಿ ಫೆಬ್ರುವರಿ 21ರಂದು ಗೋವಾದ ಬಲಿಷ್ಠ ತಂಡವನ್ನು ಕಂಠೀರವದಲ್ಲಿ 3–0ರಿಂದ ಬಗ್ಗುಬಡಿದಾಗ, ಮಿಕು ಮರಳಿ ಬಂದ ಬೆಂಗಳೂರಿನ ನಿಜವಾದ ಆಕೃತಿಯು ಮೊದಲ ಸಲ ಗೋಚರವಾಯಿತು. ಡಿಫೆಂಡರ್ ಹುವಾನನ್, ಉದಾಂತ, ಮಿಕು ಒಂದೊಂದು ಗೋಲು ಹೊಡೆದರು. ಹಿಂದಿನ ಸಾಲಿನವನೂ ಬದಿಯವನೂ ನಡುವಿನವನೂ ಹೀಗೆ ಫಲವನ್ನು ಹಂಚಿಕೊಂಡದ್ದು ಅಭಾವದ ಕಾಲದ ಕಲಿಕೆ ವ್ಯರ್ಥವಾಗಿಲ್ಲವೆಂಬುದಕ್ಕೆ ಸಾಕ್ಷಿ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಆಗಿನ ನಿಯಮದಂತೆ ಮೈದಾನದಲ್ಲಿ ಏಕಕಾಲಕ್ಕೆ ಐವರು ವಿದೇಶಿ ಆಟಗಾರರಿಗೆ ಮಾತ್ರ ಅವಕಾಶವಿದ್ದುದರಿಂದ, ವಿದೇಶಿ ಸ್ಟ್ರೈಕರನೊಬ್ಬನು ಗುಣಹೊಂದಿ ಬಂದಾಗ ಆತನು ಸರಿಸಬೇಕಾದದ್ದು ತನ್ನ ಸ್ಥಾನದಲ್ಲಿ ಆಡಿದವನನ್ನೇ ಆಗಿರಬೇಕಾಗಿರಲಿಲ್ಲ. ಮಿಡ್‌ಫೀಲ್ಡಿನ ಒಬ್ಬನೋ ಹಿಂದಿನ ಸಾಲಿನ ಒಬ್ಬನೋ ಹೊರಗೆ ಕೂಡ್ರಬೇಕಾಗಬಹುದಿತ್ತು. ಮುಂದಿನ ಸಾಲಿನ ಒಂದು ಬದಲಾವಣೆಯು ಹೀಗೆ ಹಿಂದಿನ ಸಾಲಿನವರೆಗೂ ಹಬ್ಬುತ್ತದೆ. ಅಂಥಲ್ಲಿ ರಾಹುಲ್ ಭೇಕೆಯಂಥ ದೇಶೀಯ ಡಿಫೆಂಡರನ ಬೆಲೆ ತಿಳಿಯುತ್ತದೆ. ಬಲಬದಿಯ ಬ್ಯಾಕ್ ಆಗಿಯೂ, ಬೇಕಾದಾಗ ನಡುವಿನ ಡಿಫೆಂಡರ್ ಆಗಿಯೂ ಸಮಾನ ದಕ್ಷತೆಯಿಂದ ಆಡಬಲ್ಲ ಒಬ್ಬನಿದ್ದರೆ ವಿದೇಶಿಯನೊಬ್ಬನನ್ನು ಹಿಂದಿನ ಸಾಲಿನಿಂದ ಬಿಡಿಸಿ ಮುಂದಕ್ಕೆ ವಿನಿಯೋಗಿಸಬಹುದು. ಗೋಲು ಹೊಡೆಯುವವರ ಹೆಸರನ್ನು ಕೂಗುವ ನಮ್ಮ ಜನ ಇಂಥವರ ಹೆಸರನ್ನು ಅಷ್ಟಾಗಿ ಕೂಗುವುದಿಲ್ಲವೆಂಬುದು ನನಗೆ ಯಾವಾಗಲೂ ವ್ಯಸನದ ಸಂಗತಿ.

ಸೆಮಿಫೈನಲಿನ ಮೊದಲ ಪಂದ್ಯವನ್ನು ಗುವಾಹಾಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡಕ್ಕೆ 2–1ರಿಂದ ಸೋತ ಬೆಂಗಳೂರು, ಮರುಪಂದ್ಯದಲ್ಲಿ 70 ನಿಮಿಷ ಕಳೆದರೂ ಗೋಲು ಕಾಣದೆ ಕಾತರಿಸುತ್ತಿದ್ದಾಗ, ಮಿಕು ಮೊದಲ ಗೋಲು ಹೊಡೆದು ಬಾಗಿಲು ತೆರೆದನು. ಡಿಮಾಸ್ ಮತ್ತು ಛೇಟ್ರಿ ಉಳಿದೆರಡನ್ನು ಸೇರಿಸಿದರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಫೈನಲಿನಲ್ಲಿ ಗೋವಾದ ಎದುರು 90 ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಚೀಟಿ ಕಂಡು ಹೊರನಡೆದ ಮೇಲೆ, 117ನೆಯ ನಿಮಿಷದಲ್ಲಿ ಡಿಮಾಸ್ ಒದ್ದ ಕಾರ್ನರಿಗೆ ಭೇಕೆ ತಲೆಕೊಟ್ಟು ಚೆಂಡನ್ನು ಒಳಗೆ ಸೇರಿಸಿದನು. ಪ್ರಶಸ್ತಿ ಗೆದ್ದ ಆ ಗೋಲು ತ್ರಿಕೂಟದ ಯಾವನ ಕಾಲಿನಿಂದಲೂ ಬರಲಿಲ್ಲ. ಮಿಕುವಿಲ್ಲದ ತಿಂಗಳುಗಳಲ್ಲಿ ತಂಡವು ಯಾವ ವಿದ್ಯೆಯನ್ನು ಅಭ್ಯಾಸಮಾಡಿತ್ತೋ ಆ ವಿದ್ಯೆಯಿಂದಲೇ ಬಂದಿತು. ಸೆಮಿಫೈನಲನ್ನು ಮರಳಿ ಬಂದವನು ತೆರೆದನು, ಫೈನಲನ್ನು ಆತನಿಲ್ಲದ ಕಾಲವು ಗೆಲ್ಲಿಸಿತು. ಎರಡನ್ನೂ ಉಳಿಸಿಕೊಂಡ ಕ್ವಾದ್ರಾತನ ವಿವೇಕವನ್ನು ನಾನು ಅತ್ಯಂತ ಆದರದಿಂದ ಸ್ಮರಿಸುತ್ತೇನೆ.

ಗಾಯಾಳುವನ್ನು ಬೇರೊಂದು ಸ್ಥಾನಕ್ಕೆ ಒಯ್ದು ಗೆದ್ದ ಇನ್ನೊಂದು ದೃಷ್ಟಾಂತವು ಭಾರತದ ಕಾಲ್ಚೆಂಡಿನ ಸುವರ್ಣಯುಗದ್ದು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಥಾಯ್ಲೆಂಡಿನ ಎದುರಿನ ಪಂದ್ಯದಲ್ಲಿ ಜರ್ನೈಲ್ ಸಿಂಗನ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಹಿಂದಿನ ಸಾಲಿನ ಸ್ತಂಭದಂತಿದ್ದ ಆತನನ್ನು ಬಿಟ್ಟರೂ ಕಷ್ಟ, ಎದುರಾಳಿಯ ಫಾರ್ವರ್ಡುಗಳೊಡನೆ ತಲೆಗೆ ತಲೆ ಕೊಡಲು ಬಿಟ್ಟರೂ ಕಷ್ಟ. ತಂಡದ ತರಬೇತುದಾರನಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಆತನನ್ನು ಮುಂಚೂಣಿಗೆ ಕಳಿಸಿದನು. ಎಳೆಯ ವಯಸ್ಸಿನಲ್ಲಿ ಜರ್ನೈಲನು ಫಾರ್ವರ್ಡ್ ಆಗಿ ಆಡಿದ್ದನೆಂಬುದನ್ನು ಆ ಗುರುವು ಮರೆತಿರಲಿಲ್ಲ. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಎದುರು ಒಂದು ಗೋಲು, ಸೆಪ್ಟೆಂಬರ್ 4ರ ಫೈನಲಿನಲ್ಲಿ ದಕ್ಷಿಣ ಕೊರಿಯಾದ ಎದುರು ಇನ್ನೊಂದು, ಪಿ. ಕೆ. ಬ್ಯಾನರ್ಜಿಯ ಗೋಲಿನೊಡನೆ ಕೂಡಿ 2–1ರಿಂದ ಚಿನ್ನ. ಗುಂಪಿನ ಹಂತದಲ್ಲಿ ಇದೇ ಕೊರಿಯಾ ಭಾರತವನ್ನು 2–0ರಿಂದ ಸೋಲಿಸಿತ್ತು. ನಮ್ಮ ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದನೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಇಷ್ಟಾದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ರಹೀಮನ ವ್ಯೂಹಬುದ್ಧಿಯು ಅನುಕರಣೀಯವೇ ಹೊರತು, ತಲೆಗೆ ಗಾಯವಾದವನನ್ನು ಆಟಕ್ಕಿಳಿಸುವ ಆ ಕಾಲದ ಸಾಹಸವಲ್ಲ. ಇಂದಿನ ವೈದ್ಯಶಾಸ್ತ್ರವು ಅದನ್ನು ಎಂದಿಗೂ ಒಪ್ಪದು.

ಈಗಿನ ತರಬೇತುದಾರನಿಗೆ ಆಗಿನವರಿಗಿಲ್ಲದ ಒಂದು ಅನುಕೂಲವಿದೆ. ಐವರು ಬದಲಿ ಆಟಗಾರರನ್ನು ಇಳಿಸಬಹುದಾದ ನಿಯಮದಿಂದ, ಗುಣಹೊಂದಿದವನಿಗೆ ಮೊದಲ ವಾರ ಇಪ್ಪತ್ತು ನಿಮಿಷ, ಮರುವಾರ ನಲವತ್ತು ನಿಮಿಷ ಎಂದು ಆಟವನ್ನು ಅಳೆದು ಉಣಿಸುವುದು ಸಾಧ್ಯವಾಗಿದೆ. ಬೆಂಚಿನಲ್ಲಿ ಕೂಡ್ರುವುದನ್ನು ಅಪಮಾನವೆಂದು ಬಗೆಯುವವರು ಛೇಟ್ರಿಯನ್ನು ನೋಡಲಿ. ನಲವತ್ತರ ವಯಸ್ಸಿನಲ್ಲಿ, ಇಂಡಿಯನ್ ಸೂಪರ್ ಲೀಗಿನ 2024–25ರ ಋತುವಿನಲ್ಲಿ, ಹಲವು ಪಂದ್ಯಗಳಲ್ಲಿ ತಡವಾಗಿ ಮೈದಾನಕ್ಕಿಳಿದೂ ಆತನು 14 ಗೋಲು ಹೊಡೆದನು.

ಗಾಯದ ಸ್ವರೂಪವನ್ನರಿಯದೆ ಆಯ್ಕೆಯ ಮಾತನ್ನಾಡುವುದು ನಿರರ್ಥಕ. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದವನು ಮೂರು ವಾರಕ್ಕೆ ನೋವಿಲ್ಲದೆ ಓಡಬಲ್ಲನಾದರೂ, ಪೂರ್ಣವೇಗದ ಓಟದಲ್ಲಿ ಅದೇ ಸ್ನಾಯು ಮತ್ತೆ ಹರಿಯುವ ಭಯವಿರುತ್ತದೆ. ಆದುದರಿಂದ ಅಂಥ ವಿಂಗರನನ್ನು ಮೊದಮೊದಲು ದೀರ್ಘ ಓಟದ ಕೆಲಸಕ್ಕೆ ಹಚ್ಚದೆ ಒಳಭಾಗದಲ್ಲಿ ಆಡಿಸುವುದು ಲೇಸು. ಮೊಣಕಾಲಿನ ಎ.ಸಿ.ಎಲ್. ಎಂಬ ಕಟ್ಟು ಹರಿದರೆ ಒಂಬತ್ತು ತಿಂಗಳಿಗೆ ಮೊದಲು ಪಂದ್ಯಕ್ಕಿಳಿಯುವುದು ಅಪಾಯಕರವೆಂದು ತಜ್ಞರು ಹೇಳುತ್ತಾರೆ. ಕೇರಳದ ಆಶಿಕ್ ಕುರುಣಿಯನ್ 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕಾಗಿ ಆಡುತ್ತ ಇದೇ ಗಾಯಕ್ಕೆ ತುತ್ತಾಗಿ ದೀರ್ಘಕಾಲ ಆಟದಿಂದ ದೂರವಿದ್ದನು. ವಿಂಗಿನಲ್ಲಿಯೂ ಎಡಬ್ಯಾಕಿನಲ್ಲಿಯೂ ಆಡಬಲ್ಲ ಆತನಂಥವನಿಗೆ ಮರಳುವ ದಾರಿ ಒಂದಕ್ಕಿಂತ ಹೆಚ್ಚು. ಒಂದೇ ಸ್ಥಾನವನ್ನು ಬಲ್ಲವನಿಗೆ ಒಂದೇ ದಾರಿ.

ಇಷ್ಟನ್ನೆಲ್ಲ ಬರೆಯುವಾಗ ನನ್ನ ಕಣ್ಣ ಮುಂದಿರುವವರು ದೊಡ್ಡ ತಂಡಗಳ ಒಡೆಯರಲ್ಲ. ಗುಡಗೇರಿ, ಸಂಶಿ, ಕುಂದಗೋಳಗಳಲ್ಲಿ ಶಾಲೆಯ ಬಯಲಿನಲ್ಲಿ, ಸುಗ್ಗಿ ಮುಗಿದ ಹೊಲದಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರು. ಮಳೆಗಾಲದಲ್ಲಿ ಕಾಲು ಹುಗಿಯುವ, ಬೇಸಗೆಯಲ್ಲಿ ಬಿರುಕುಬಿಡುವ ನಮ್ಮ ಎರೆನೆಲದಲ್ಲಿ ಹರಡು ತಿರುಗುವುದು, ಮೊಣಕಾಲು ಉಳುಕುವುದು ಸರ್ವೇಸಾಮಾನ್ಯ. ಊರಿನ ಮಾನದ ಪ್ರಶ್ನೆಯೆಂದು ಪಟ್ಟಿ ಸುತ್ತಿದ ಕಾಲಿನೊಡನೆ ಹುಡುಗನನ್ನು ಕಣಕ್ಕಿಳಿಸುವ ರೂಢಿಯು ಕಬಡ್ಡಿಯಲ್ಲಿಯೂ ಇದೆ, ಕಾಲ್ಚೆಂಡಿನಲ್ಲಿಯೂ ಇದೆ. ದೊಡ್ಡ ಕ್ಲಬ್ಬಿಗೆ ವೈದ್ಯರಿದ್ದಾರೆ, ಫಿಸಿಯೋಗಳಿದ್ದಾರೆ; ನಮ್ಮ ಹುಡುಗನಿಗೆ ಇರುವುದು ಆತನ ಕಾಲು ಮಾತ್ರ, ಮರುದಿನ ಹೊಲಕ್ಕೂ ಕಾಲೇಜಿಗೂ ಆತನನ್ನು ಒಯ್ಯಬೇಕಾದದ್ದೂ ಅದೇ ಕಾಲು. ಊರ ತಂಡಗಳ ಹಿರಿಯರಲ್ಲಿ ನನ್ನ ಕಳಕಳಿಯ ವಿನಂತಿಯಿಷ್ಟೆ: ಗಾಯವಾದ ಕಾಲೊಂದರ ಮೇಲೆಯೇ ನೋವಿಲ್ಲದೆ ಜಿಗಿದು ಇಳಿಯಲಾರದ, ಓಡುತ್ತಿರುವಾಗ ಥಟ್ಟನೆ ತಿರುಗಲಾರದ ಹುಡುಗನ ಹೆಸರನ್ನು, ಎದುರಿಗಿರುವುದು ಫೈನಲೇ ಆಗಿದ್ದರೂ, ಹನ್ನೊಂದರ ಪಟ್ಟಿಯಲ್ಲಿ ದಯವಿಟ್ಟು ಬರೆಯಬೇಡಿರಿ.